ಓದಿಗೆ ಅಂಕ ಕೊಟ್ಟ ರುಡಾಲ್ಫ್ ಫ್ಲೆಶ್

ವರ್ಡ್‌ನಲ್ಲಿ ಇಂಗ್ಲಿಷ್ ರಿಪೋರ್ಟ್ ಟೈಪ್ ಮಾಡುವವರು ಫ್ಲೆಶ್ ರೀಡಿಂಗ್ ಈಸ್ ಅನ್ನೋ ಅಂಕವನ್ನು ಒಮ್ಮೆಯಾದರೂ ನೋಡಿರ್ತೀರಿ. ಫ್ಲೆಶ್ ಅನ್ನೋದು ಒಬ್ಬ ಮನುಷ್ಯನ ಹೆಸರು ಅಂತ ನನಗೆ ಗೊತ್ತಾಗಿದ್ದು ಇಲ್ಲಿ ಇನ್ಫರ್ಮೇಷನ್ ರಿಟ್ರೀವಲ್ ಕೋರ್ಸ್ ತಗೊಂಡ ಮೇಲೆ.

ರುಡಾಲ್ಫ್ ಫ್ಲೆಶ್ ಹುಟ್ಟಿದ್ದು 1911ರಲ್ಲಿ, ವಿಯೆನ್ನಾದಲ್ಲಿ. ಅಲ್ಲೇ ಕಾನೂನು ಪದವಿ ಪಡೆದರು. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದಾಗ, ಯಹೂದಿಯಾಗಿದ್ದ ಅವರು ಅಮೆರಿಕಕ್ಕೆ ಓಡಿಬಂದರು. ವಿಯೆನ್ನಾದ ಪದವಿಗೆ ಇಲ್ಲಿ ಬೆಲೆ ಸಿಗಲಿಲ್ಲ. ಕಾನೂನು ಓದಿದವರು ಪುಸ್ತಕ ತಯಾರಿಸುವ ಕಂಪನಿಯೊಂದರ ಶಿಪ್ಪಿಂಗ್ ವಿಭಾಗದಲ್ಲಿ ಕೆಲಸ ಮಾಡಿದರು. (ಇದನ್ನು ಓದಿದಾಗ ನಮ್ಮಲ್ಲಿ ಕೆಲವರ ಅಪ್ಪಂದಿರು ನೆನಪಾದರು.) ಆಮೇಲೆ ನಿರಾಶ್ರಿತರ ಸ್ಕಾಲರ್‌ಶಿಪ್ ಸಿಕ್ಕಿ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿ, ಗ್ರಂಥಾಲಯ ವಿಜ್ಞಾನದಿಂದ ಮತ್ತೆ ಶುರುಮಾಡಿದರು. 1943ರಲ್ಲಿ ಪಿಎಚ್‌ಡಿ ಮುಗಿಯಿತು. ದೊಡ್ಡವರಿಗೂ ಒಂದು ಬರಹ ಕಷ್ಟವಾಗೋದು ಯಾತಕ್ಕೆ ಅನ್ನೋದೇ ಅವರ ಪ್ರಶ್ನೆ. ಇಂಗ್ಲಿಷ್ ಅವರಿಗೆ ಹುಟ್ಟುಭಾಷೆಯಲ್ಲ ಅನ್ನೋದನ್ನ ಮರೆಯಬಾರದು.

1948ರ ಸೂತ್ರ ಎರಡನ್ನೇ ಎಣಿಸುತ್ತೆ: ವಾಕ್ಯಕ್ಕೆ ಎಷ್ಟು ಪದ, ಪದಕ್ಕೆ ಎಷ್ಟು ಸಿಲಬಲ್. ಅಂಕ 100ರ ಹತ್ತಿರ ಬಂದರೆ ಸುಲಭ, ಸೊನ್ನೆಯ ಹತ್ತಿರ ಹೋದರೆ ಕಷ್ಟ. ಪೆನ್ಸಿಲ್, ಕಾಗದ ಇದ್ದರೆ ಸಾಕು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯೂ ಅವರ ಸಲಹೆ ಪಡೆಯಿತು. 1955ರಲ್ಲಿ, ಶಾಲೆಗಳು ಮಕ್ಕಳಿಗೆ ಓದು ಕಲಿಸುವ ರೀತಿಯೇ ತಪ್ಪು ಅಂತ ಪುಸ್ತಕ ಬರೆದು ದೊಡ್ಡ ಜಗಳ ಎಬ್ಬಿಸಿದರು. 1986ರಲ್ಲಿ ತೀರಿಕೊಂಡರು. ಫ್ಲೋರಿಡಾದ ಕಾನೂನು ವಿಮಾ ಪಾಲಿಸಿಗಳಿಗೆ ಇದೇ ಸೂತ್ರದಲ್ಲಿ ಕನಿಷ್ಠ 45 ಅಂಕ ಕೇಳುತ್ತೆ. ಪದವಿಗೆ ಬೆಲೆ ಸಿಗದಿದ್ದರೂ ಅವರ ಲೆಕ್ಕ ಕಾನೂನಿನೊಳಗೆ ಹೊಕ್ಕಿತು.

ಈಗ ಹುಡುಕಾಟದ ಸಂಶೋಧನೆಯಲ್ಲೂ ಈ ಲೆಕ್ಕ ಬರುತ್ತೆ. ವಿಷಯಕ್ಕೆ ಸರಿಯಾದ ಪುಟ ಸಿಕ್ಕರೆ ಸಾಲದು, ಹುಡುಕಿದವರಿಗೆ ಅದು ಅರ್ಥವೂ ಆಗಬೇಕಲ್ಲ! ಆದರೆ ಸೂತ್ರಕ್ಕೆ ಅರ್ಥ ಗೊತ್ತಿಲ್ಲ, ಉದ್ದ ಮಾತ್ರ ಗೊತ್ತು. ಅದೂ ಇಂಗ್ಲಿಷಿನ ಉದ್ದ. ನಾನೊಂದು ಪರೀಕ್ಷೆ ಮಾಡಿದೆ. ನಾನು ನಿನ್ನೆ ಊರಿಗೆ ಹೋಗಬೇಕಾಗಿತ್ತು: ಪದ 4, ಸಿಲಬಲ್ 13. ಇದೇ ಮಾತು ಇಂಗ್ಲಿಷಿನಲ್ಲಿ 80 ದಾಟುತ್ತೆ. ಕನ್ನಡದಲ್ಲಿ ಬಂದ ಅಂಕ ಮೈನಸ್ 72. ನನ್ನ ಅಜ್ಜಿ ದಿನಾ ಆಡುವಂಥ ಮಾತು ಅದು.