ಕಡಲ ತೀರದ ಮೇಷ್ಟ್ರು

ಮೀನು ಸಾಕುವ ಗಾಜಿನ ತೊಟ್ಟಿಗೆ ನಾವೆಲ್ಲ ಅಕ್ವೇರಿಯಂ ಅನ್ನುತ್ತೇವೆ. ಆ ಪದ ಜನರ ಬಾಯಲ್ಲಿ ನಿಲ್ಲಲು ಮುಖ್ಯ ಕಾರಣ ಫಿಲಿಪ್ ಹೆನ್ರಿ ಗಾಸ್ ಎಂಬ ಇಂಗ್ಲಿಷ್ ನಿಸರ್ಗಶಾಸ್ತ್ರಜ್ಞ. ಆದರೆ ನನಗೆ ಅವನು ಇಷ್ಟವಾಗಿದ್ದು ಗಾಜಿನ ತೊಟ್ಟಿಯಿಂದಲ್ಲ. ಹಳ್ಳಿಗಳೇ ಹೆಚ್ಚಿದ್ದ ಡೆವನ್ ಎಂಬ ಜಿಲ್ಲೆಯ ಕಡಲ ಬಂಡೆಗಳನ್ನೇ ಅವನು ತರಗತಿ ಮಾಡಿಕೊಂಡಿದ್ದ. ಕುಮಟಾ ಕಡೆಯವಳಾದ ನಾನು ಗೆಳತಿಯರ ಜೊತೆ ಸೇರಿ, ಬಿಡುವಾದಾಗ ಊರಿನ ಶಾಲೆ ಮಕ್ಕಳಿಗೆ ಸಮುದ್ರ ಇಳಿದ ಹೊತ್ತಿನಲ್ಲಿ ಬಂಡೆಗಳ ನಡುವಿನ ಜೀವಿಗಳನ್ನು ತೋರಿಸುತ್ತೇನೆ. ಹಾಗಾಗಿ ನನ್ನ ಪಾಲಿಗೆ ಗಾಸ್ ಈ ಕೆಲಸದ ಹಿರಿಯ ಮೇಷ್ಟ್ರು. ಅವನ ಗೆಲುವೂ ನನಗೆ ಪಾಠ, ಅವನಿಗಾದ ನೋವೂ ಪಾಠ.

ಗಾಸ್ ಹುಟ್ಟಿದ್ದು 1810ರಲ್ಲಿ. ಬೆಳೆದದ್ದು ಪೂಲ್ ಎಂಬ ಬಂದರು ಊರಿನಲ್ಲಿ. ಅಪ್ಪ ಊರೂರು ಅಲೆದು ಪುಟ್ಟ ಭಾವಚಿತ್ರ ಬರೆಯುವ ಕಲಾವಿದ. ಮನೆಯಲ್ಲಿ ದುಡ್ಡಿರಲಿಲ್ಲ, ಬಣ್ಣ ಮತ್ತು ಕುಂಚವಿದ್ದವು. ಹತ್ತಿರದ ಸಂಬಂಧಿ ಹೆಂಗಸೊಬ್ಬರು ಹುಡುಗನಿಗೆ ಕಡಲ ಹೂಗಳನ್ನು ತೋರಿಸಿ, ಪಾತ್ರೆಯಲ್ಲಿ ಸಮುದ್ರದ ನೀರು ಹಾಕಿ ಅವನ್ನು ಸಾಕಿ ನೋಡು ಎಂದರಂತೆ. ಕಡಲ ಹೂ ಅಂದರೆ ಗಿಡದ ಹೂವಲ್ಲ. ಬಂಡೆಗೆ ಅಂಟಿಕೊಂಡು, ದಳದಂಥ ಕೈಗಳನ್ನು ಚಾಚಿ ಆಹಾರ ಹಿಡಿಯುವ ಪ್ರಾಣಿ.

ಹದಿನೇಳರ ವಯಸ್ಸಿಗೇ ಗಾಸ್ ಅಟ್ಲಾಂಟಿಕ್ ದಾಟಿ ನ್ಯೂಫೌಂಡ್‌ಲ್ಯಾಂಡ್‌ಗೆ ಗುಮಾಸ್ತನಾಗಿ ಹೋದ. ಹಗಲೆಲ್ಲ ಮೀನು ವ್ಯಾಪಾರದ ಲೆಕ್ಕ, ಬಿಡುವಿನಲ್ಲಿ ಹುಳಹುಪ್ಪಟೆಗಳ ಅಧ್ಯಯನ. ಅಲ್ಲಿ ಹರಾಜಿನಲ್ಲಿ ಕೊಂಡ ಸೂಕ್ಷ್ಮದರ್ಶಕದ ಒಂದು ಪುಸ್ತಕವೇ ಅವನಿಗೆ ಕಾಲೇಜಾಯಿತು. ಕೆನಡಾದಲ್ಲಿ ಬೇಸಾಯ ಮಾಡಿ ಕೈಸುಟ್ಟುಕೊಂಡ. 1838ರಲ್ಲಿ ಅಮೆರಿಕದ ಅಲಬಾಮಾದಲ್ಲಿ ತೋಟದ ಮಾಲೀಕರ ಮಕ್ಕಳಿಗೆ ಪಾಠ ಹೇಳಿದ. ಗುಲಾಮರ ಮೇಲಿನ ಕ್ರೌರ್ಯ ಕಂಡು ಅವನಿಗೆ ಅಲ್ಲಿ ಹೆಚ್ಚು ದಿನ ನಿಲ್ಲಲಾಗಲಿಲ್ಲ. ಮುಂದೆ ಜಮೈಕಾಕ್ಕೆ ಹೋಗಿ ಅಲ್ಲಿನ ಹಕ್ಕಿಗಳ ಬಗ್ಗೆ ಪುಸ್ತಕ ಬರೆದ. ಯಾವ ಪದವಿಯೂ ಇಲ್ಲದ ಈ ಮನುಷ್ಯ 1856ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದ.

ಅವನ ಬದುಕು ತಿರುಗಿದ್ದು 1852ರಲ್ಲಿ. ಲಂಡನ್ನಿನಲ್ಲಿ ಹಗಲಿರುಳು ಬರೆದು ಆರೋಗ್ಯ ಕೆಟ್ಟಿತ್ತು. ಹೆಂಡತಿ ಎಮಿಲಿ, ಪುಟ್ಟ ಮಗ ಎಡ್ಮಂಡ್ ಜೊತೆ ಡೆವನ್ ಕರಾವಳಿಗೆ ಬಂದ. ಸಮುದ್ರ ಇಳಿದಾಗ ಬಂಡೆಗಳ ನಡುವೆ ಉಳಿಯುವ ನೀರಿನ ಹೊಂಡಗಳಲ್ಲಿ ಏಡಿ, ಸಿಗಡಿ, ನಕ್ಷತ್ರಮೀನು, ಬಣ್ಣಬಣ್ಣದ ಕಡಲ ಹೂಗಳು ತುಂಬಿದ್ದವು. ಅವನ್ನೆಲ್ಲ ಜೀವಂತವಾಗಿಯೇ ನೋಡಬೇಕೆಂಬುದು ಅವನ ಹಟ. ಆ ಕಾಲದ ಎಷ್ಟೋ ವಿದ್ವಾಂಸರಿಗೆ ಪ್ರಾಣಿಯೆಂದರೆ ಸೀಸೆಯಲ್ಲಿಟ್ಟ ಹೆಣ. ಗಾಸ್‌ಗೆ ಅದು ಏನು ತಿನ್ನುತ್ತದೆ, ಹೇಗೆ ನಡೆಯುತ್ತದೆ, ಯಾರ ಪಕ್ಕದಲ್ಲಿ ಬದುಕುತ್ತದೆ ಎಂಬುದೇ ಮುಖ್ಯ.

ತೊಟ್ಟಿಯ ಗುಟ್ಟು ಸರಳ. ಬೆಳಕು ಬಿದ್ದರೆ ಕಡಲ ಪಾಚಿ ಆಮ್ಲಜನಕ ಬಿಡುತ್ತದೆ, ಪ್ರಾಣಿಗಳು ಅದನ್ನು ಉಸಿರಾಡುತ್ತವೆ. ಎರಡೂ ಸರಿದೂಗಿದರೆ ನೀರನ್ನು ಪದೇಪದೇ ಬದಲಿಸಬೇಕಿಲ್ಲ. ಇದನ್ನು ಕಂಡುಕೊಂಡವರು ಬೇರೆಯವರೂ ಇದ್ದರು. ಜನರಿಗೆ ಅರ್ಥವಾಗುವಂತೆ ಹೇಳಿದವನು ಗಾಸ್. 1853ರಲ್ಲಿ ಲಂಡನ್ ಮೃಗಾಲಯ ಸಾರ್ವಜನಿಕರಿಗಾಗಿ ಅಕ್ವೇರಿಯಂ ತೆರೆದಾಗ ಅದಕ್ಕೆ ಕಡಲ ಜೀವಿಗಳನ್ನು ಕಳಿಸಿದವರಲ್ಲಿ ಅವನೂ ಒಬ್ಬ. ಅದೇ ವರ್ಷ ಡೆವನ್ ತೀರದ ಬಗ್ಗೆ ಪುಸ್ತಕ ಬಂತು, ಮರುವರ್ಷ ಅಕ್ವೇರಿಯಂ ಬಗ್ಗೆ. ಚಿತ್ರಗಳೂ ಅವನವೇ. ಅಪ್ಪನಿಂದ ಕಲಿತ ಕೈಚಳಕ ಇಲ್ಲಿ ಫಲ ಕೊಟ್ಟಿತು.

1855ರಲ್ಲಿ ಡೆವನ್ನಿನ ಇಲ್‌ಫ್ರಾಕೂಂಬ್ ಎಂಬ ಊರಿನಲ್ಲಿ ಅವನು ತೀರದ ತರಗತಿಯನ್ನೇ ಶುರು ಮಾಡಿದ. ಗಂಡಸರು, ಹೆಂಗಸರು ಇಬ್ಬರೂ ಬಂದರು. ಉದ್ದ ಲಂಗದ ಹೆಂಗಸರು ಪಾಚಿ ಜಾರುವ ಬಂಡೆ ಮೇಲೆ ಮಂಡಿಯೂರಿ ಹೊಂಡದೊಳಗೆ ಇಣುಕುತ್ತಿದ್ದುದನ್ನು ನೆನೆದರೆ ನನಗೆ ಖುಷಿಯಾಗುತ್ತದೆ. ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದವರಿಗೆ ಇಳಿದ ಸಮುದ್ರ ಬಾಗಿಲು ತೆರೆದಿತ್ತು.

ಆದರೆ ಅವರ ಕೈಯಲ್ಲಿ ಸುತ್ತಿಗೆ, ಉಳಿ, ಸೀಸೆಗಳೂ ಇದ್ದವು. ಕಡಲ ಹೂವನ್ನು ಬಂಡೆಯ ಚೂರಿನ ಸಮೇತ ಕಿತ್ತು ತರುವುದು ಆಗಿನ ಪದ್ಧತಿ. ಗಾಜಿನ ಮೇಲಿನ ತೆರಿಗೆ 1845ರಲ್ಲೇ ರದ್ದಾಗಿ ತೊಟ್ಟಿಗಳು ಅಗ್ಗವಾಗಿದ್ದವು. ರೈಲು ಬಂದಿತ್ತು. ಗಾಸ್‌ನ ಪುಸ್ತಕ ಹಿಡಿದು ಜನ ತೀರಕ್ಕೆ ಮುಗಿಬಿದ್ದರು. ಮನೆಮನೆಯ ಹಾಲ್‌ನಲ್ಲಿ ಅಕ್ವೇರಿಯಂ ಬಂತು, ಹೊಂಡಗಳು ಬರಿದಾದವು. ಮಗ ಎಡ್ಮಂಡ್ 1907ರಲ್ಲಿ ಪ್ರಕಟಿಸಿದ ನೆನಪಿನ ಪುಸ್ತಕದಲ್ಲಿ, ತಾನು ಬಾಲ್ಯದಲ್ಲಿ ಕಂಡ ಆ ತೀರವನ್ನು ಇನ್ನು ಯಾರೂ ಕಾಣಲಾರರು ಎಂದು ಮರುಗಿದ್ದಾನೆ. ತನ್ನ ಪುಸ್ತಕಗಳ ಜನಪ್ರಿಯತೆಯೇ ಇದಕ್ಕೆ ದಾರಿಯಾಯಿತು ಎಂಬುದು ಅಪ್ಪನಿಗೂ ತಿಳಿದು, ಬಹಳ ನೊಂದಿದ್ದನಂತೆ.

1857 ಅವನ ಪಾಲಿಗೆ ಕಷ್ಟದ ವರ್ಷ. ಎಮಿಲಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡಳು. ಕಟ್ಟಾ ದೈವಭಕ್ತನಾಗಿದ್ದ ಅವನು, ದೇವರು ಭೂಮಿಯನ್ನು ಸೃಷ್ಟಿಸುವಾಗಲೇ ಹಳೆಯದಾಗಿ ಕಾಣುವಂತೆ ಮಾಡಿದ ಎಂದು ವಾದಿಸಿದ ಪುಸ್ತಕವನ್ನು ವಿಜ್ಞಾನಿಗಳೂ ಒಪ್ಪಲಿಲ್ಲ, ಭಕ್ತರೂ ಒಪ್ಪಲಿಲ್ಲ. ಇಂದು ಹಲವರು ಅವನನ್ನು ನೆನೆಯುವುದು ಆ ಒಂದು ಸೋಲಿಗಾಗಿ ಮಾತ್ರ. ಅವನೋ ಡೆವನ್ನಿನಲ್ಲೇ ನೆಲೆಸಿ, ಬ್ರಿಟನ್ನಿನ ಕಡಲ ಹೂಗಳ ಬಗ್ಗೆ ದೊಡ್ಡ ಗ್ರಂಥ ಮುಗಿಸಿ, ಕೊನೆಯವರೆಗೂ ಸೂಕ್ಷ್ಮದರ್ಶಕ ಬಿಡದೆ 1888ರಲ್ಲಿ ಕಣ್ಮುಚ್ಚಿದ.

ಹಾಗಾದರೆ ಅವನು ಕಲಿಸಬಾರದಿತ್ತೇ? ನನಗೆ ಹಾಗನ್ನಿಸುವುದಿಲ್ಲ. ಗೊತ್ತೇ ಇಲ್ಲದ ಜೀವಿಯ ಪರವಾಗಿ ಯಾರೂ ನಿಲ್ಲುವುದಿಲ್ಲ. ಗಾಸ್ ಜನರಿಗೆ ನೋಡಲು ಕಲಿಸಿದ. ನೋಡಿದ ಮೇಲೆ ಅಲ್ಲೇ ಬಿಟ್ಟು ಬರುವುದನ್ನು ಕಲಿಸಬೇಕೆಂಬ ಯೋಚನೆ ಆ ಕಾಲಕ್ಕೆ ಅಷ್ಟಾಗಿ ಇರಲಿಲ್ಲ. ಸಮುದ್ರ ಬರಿದಾಗುತ್ತದೆ ಎಂದು ನಂಬುವವರೇ ಕಡಿಮೆ. ನಮಗೆ ಆ ನೆಪ ಇಲ್ಲ. ಅವನ ಪುಸ್ತಕ ಮಾಡಿದ ಕೆಲಸವನ್ನು ಇಂದು ಮೊಬೈಲಿನ ಒಂದು ರೀಲ್ಸ್ ಒಂದೇ ವಾರದಲ್ಲಿ ಮಾಡಬಲ್ಲದು.

ಅದಕ್ಕೇ ನಮ್ಮ ಗುಂಪಿನಲ್ಲಿ ಮೂರು ನಿಯಮಗಳಿವೆ. ಏನನ್ನೂ ಮನೆಗೆ ತರುವಂತಿಲ್ಲ, ಖಾಲಿ ಚಿಪ್ಪನ್ನು ಕೂಡ. ಅದು ಸನ್ಯಾಸಿ ಏಡಿಯ ಮುಂದಿನ ಮನೆ. ಮಗುಚಿದ ಕಲ್ಲನ್ನು ಮೊದಲಿದ್ದ ಹಾಗೇ ಇಡಬೇಕು. ಫೋಟೊ ಹಾಕಿದರೂ ಜಾಗದ ಹೆಸರು ಹಾಕುವಂತಿಲ್ಲ. ಮಕ್ಕಳು ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು ತರುತ್ತಾರೆ. ಗಾಸ್‌ನ ಸುತ್ತಿಗೆ ನಮಗೆ ಬೇಡ, ಅವನ ಕುಂಚ ಸಾಕು.