ಕೆನೆತ್ ಆಂಡರ್ಸನ್

ಕೆನೆತ್ ಆಂಡರ್ಸನ್ (8 ಮಾರ್ಚ್ 1910 – 30 ಆಗಸ್ಟ್ 1974) ಬೆಂಗಳೂರಿನಲ್ಲಿ ನೆಲೆಸಿದ್ದ ಸ್ಕಾಟಿಷ್ ಮೂಲದ ಬೇಟೆಗಾರರು ಹಾಗೂ ಲೇಖಕರು. ದಕ್ಷಿಣ ಭಾರತದ ಕಾಡುಗಳಲ್ಲಿ ನರಭಕ್ಷಕ ಹುಲಿ ಮತ್ತು ಚಿರತೆಗಳನ್ನು ಬೇಟೆಯಾಡಿದ ಅನುಭವಗಳನ್ನು ಅವರು ಇಂಗ್ಲಿಷಿನಲ್ಲಿ ಹಲವು ಪುಸ್ತಕಗಳಾಗಿ ಬರೆದರು. ಪೂರ್ಣಚಂದ್ರ ತೇಜಸ್ವಿಯವರ ಭಾವಾನುವಾದಗಳ ಮೂಲಕ ಅವರ ಹೆಸರು ಕನ್ನಡ ಓದುಗರಿಗೆ ಚಿರಪರಿಚಿತವಾಗಿದೆ. ಆಂಡರ್ಸನ್ ಬಹುಮಟ್ಟಿಗೆ ಕಾಲ್ನಡಿಗೆಯಲ್ಲಿ, ಅನೇಕ ವೇಳೆ ಒಬ್ಬರೇ ಕಾಡು ಸುತ್ತುತ್ತಿದ್ದರು. ಆದ್ದರಿಂದ ಹೊತ್ತು ನಡೆಯಲು ಹಗುರವಾದ, ಆದರೆ ಒಂದೇ ಈಡಿಗೆ ಪ್ರಾಣಿಯನ್ನು ಕೆಡಹಬಲ್ಲ ರೈಫಲ್ ಯಾವುದು ಎಂಬ ಪ್ರಶ್ನೆ ಅವರ ಬೇಟೆಯ ಬದುಕಿನಲ್ಲಿ ಮುಖ್ಯವಾಗಿತ್ತು. ಅವರ ಹೆಸರಿನೊಂದಿಗೆ ಸದಾ ಕೇಳಿಬರುವ ಆಯುಧ .405 ಕ್ಯಾಲಿಬರಿನ ವಿಂಚೆಸ್ಟರ್ 1895 ಮಾದರಿಯ ರೈಫಲ್.

ಜನನ ಮತ್ತು ಮನೆತನ

ಆಂಡರ್ಸನ್ ಹುಟ್ಟಿದ್ದು ಸಿಕಂದರಾಬಾದಿನ ಬೊಲಾರಂನಲ್ಲಿ. ಅವರ ಮನೆತನ ಆರು ತಲೆಮಾರುಗಳಿಂದ ಭಾರತದಲ್ಲಿ ನೆಲೆಸಿತ್ತು. ತಂದೆ ಡಗ್ಲಾಸ್ ಸ್ಟುವರ್ಟ್ ಆಂಡರ್ಸನ್ ಸೇನಾ ಸಿಬ್ಬಂದಿಯ ವೇತನಕ್ಕೆ ಸಂಬಂಧಿಸಿದ ಲೆಕ್ಕಪತ್ರ ಇಲಾಖೆಯಲ್ಲಿ ಅಧಿಕಾರಿಯಾಗಿದ್ದು, ಕ್ಯಾಪ್ಟನ್ ಎಂಬ ಗೌರವ ದರ್ಜೆಯನ್ನು ಹೊಂದಿದ್ದರು. ನೀರುಹಕ್ಕಿಗಳ ಬೇಟೆಯಲ್ಲಿ ಆಸಕ್ತರಾಗಿದ್ದ ತಂದೆಯಿಂದಲೇ ಮಗನಿಗೆ ಬಯಲು ಮತ್ತು ಕಾಡಿನ ಒಲವು ಬಂದಿತು.

ಅವರ ವಿದ್ಯಾಭ್ಯಾಸ ಬೆಂಗಳೂರಿನ ಬಿಷಪ್ ಕಾಟನ್ ಬಾಲಕರ ಶಾಲೆ ಮತ್ತು ಸೇಂಟ್ ಜೋಸೆಫ್ ಕಾಲೇಜುಗಳಲ್ಲಿ ನಡೆಯಿತು. ಕಾನೂನು ಓದಲು ಎಡಿನ್‌ಬರೋಗೆ ಕಳುಹಿಸಲ್ಪಟ್ಟರೂ ಓದನ್ನು ಅರ್ಧಕ್ಕೆ ಬಿಟ್ಟು ಭಾರತಕ್ಕೆ ಮರಳಿದರು. ಅವರ ಪುತ್ರ ಡೊನಾಲ್ಡ್ ಆಂಡರ್ಸನ್ ಕೂಡ ಮುಂದೆ ಬೇಟೆಗಾರರಾಗಿ ಹೆಸರಾದರು.

ಉದ್ಯೋಗ

ಆಂಡರ್ಸನ್ ವೃತ್ತಿಯಿಂದ ಬೇಟೆಗಾರರಾಗಿರಲಿಲ್ಲ. ಸುಮಾರು ಹದಿನೈದು ವರ್ಷ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಕೆಲಸ ಮಾಡಿದ ಬಳಿಕ ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು ಸೇರಿ, ಅಲ್ಲಿ ಯೋಜನಾ ವಿಭಾಗದ ಕಾರ್ಖಾನೆ ವ್ಯವಸ್ಥಾಪಕರ ದರ್ಜೆಗೆ ಏರಿದರು. ಹೀಗಾಗಿ ಅವರ ಹೆಚ್ಚಿನ ಕಾಡು ಸಂಚಾರಗಳು ರಜೆಯ ದಿನಗಳಿಗೆ ಸೀಮಿತವಾಗಿದ್ದವು. ದೊಡ್ಡ ಬಿಡಾರ, ಸಾಕಾನೆ, ನೂರಾರು ಜನ ಸೋವುಗಾರರು ಸೇರಿ ನಡೆಯುವ ರಾಜಮಹಾರಾಜರ ಬೇಟೆಗೂ ಇದಕ್ಕೂ ಹೋಲಿಕೆಯಿಲ್ಲ. ಕಾರಿನಲ್ಲಿ ರಸ್ತೆ ಮುಗಿಯುವವರೆಗೆ ಹೋಗಿ, ಅಲ್ಲಿಂದ ಮುಂದೆ ಹೊರಲು ಸಾಧ್ಯವಾದಷ್ಟು ಸಾಮಾನಿನೊಂದಿಗೆ ನಡೆಯುವುದು ಅವರ ಕ್ರಮವಾಗಿತ್ತು.

ಕಾಡಿನ ಒಡನಾಡಿಗಳು

ಅಂದಿನ ಸೇಲಂ ಜಿಲ್ಲೆಯ ಹೊಸೂರು, ಡೆಂಕಣಿಕೋಟೆ, ಪೆನ್ನಾಗರಂ ಕಡೆಯ ಕಾಡುಗಳು, ಕಾವೇರಿಯ ಎರಡೂ ದಡಗಳು, ನೀಲಗಿರಿಯ ತಪ್ಪಲು, ಚಿಕ್ಕಮಗಳೂರು ಮತ್ತು ಶಿವಮೊಗ್ಗದ ಅರಣ್ಯಗಳು ಹಾಗೂ ಆಂಧ್ರದ ಚಾಮಲ ಕಣಿವೆ ಆಂಡರ್ಸನ್ನರ ಸಂಚಾರದ ಪ್ರದೇಶಗಳು. ಕನ್ನಡ ಮತ್ತು ತಮಿಳು ಬಲ್ಲವರಾಗಿದ್ದ ಅವರು ಹಳ್ಳಿಗರೊಂದಿಗೆ ನೇರವಾಗಿ ಮಾತನಾಡಿ ಸುದ್ದಿ ಸಂಗ್ರಹಿಸುತ್ತಿದ್ದರು. ಕಾಡಿನಲ್ಲೇ ಬದುಕುತ್ತಿದ್ದ ಬೈರ ಪೂಜಾರಿ ಮತ್ತು ರಂಗ ಎಂಬ ಒಡನಾಡಿಗಳು ಅವರ ಬರಹಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾರೆ. ಹೆಜ್ಜೆಗುರುತು ಓದುವುದು, ಲಂಗೂರ್, ಕಡವೆ ಮತ್ತು ಚುಕ್ಕಿಜಿಂಕೆಗಳ ಎಚ್ಚರಿಕೆಯ ಕೂಗನ್ನು ಅರ್ಥಮಾಡಿಕೊಳ್ಳುವುದು ಮೊದಲಾದ ವಿದ್ಯೆಗಳನ್ನು ಇಂಥವರ ಸಹವಾಸದಲ್ಲಿ ಕಲಿತುದಾಗಿ ಆಂಡರ್ಸನ್ ಕೃತಜ್ಞತೆಯಿಂದ ಬರೆದಿದ್ದಾರೆ.

ರೈಫಲಿನ ಆಯ್ಕೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ಬ್ರಿಟಿಷ್ ತಯಾರಿಕೆಯ ಜೋಡುನಳಿಗೆ ರೈಫಲ್‌ಗಳು ಶ್ರೇಷ್ಠವೆಂಬ ನಂಬಿಕೆಯಿತ್ತು. ಸರ್ಕಾರ 1907ರಲ್ಲಿ .450 ಕ್ಯಾಲಿಬರನ್ನು ಭಾರತದಲ್ಲಿ ನಿಷೇಧಿಸಿದಾಗ ತಯಾರಕರು ಅದಕ್ಕೆ ಬದಲಾಗಿ .470 ಮುಂತಾದ ಹೊಸ ಅಳತೆಗಳನ್ನು ರೂಪಿಸಿದರು. ಇಂಥ ರೈಫಲ್‌ಗಳು ಎರಡು ಗುಂಡುಗಳನ್ನು ಕ್ಷಣಾರ್ಧದಲ್ಲಿ ಹಾರಿಸಬಲ್ಲವು. ಆದರೆ ಅವುಗಳ ತೂಕ ಸುಮಾರು ಐದು ಕಿಲೋ, ಬೆಲೆಯೂ ಬಹಳ ಹೆಚ್ಚು. ಆನೆಯ ಮೇಲೆ ಕುಳಿತವರಿಗೆ ಅಥವಾ ಬಂದೂಕು ಹೊರಲು ಆಳಿದ್ದವರಿಗೆ ಈ ತೂಕ ತೊಡಕಾಗುತ್ತಿರಲಿಲ್ಲ. ದಿನವಿಡೀ ನಡೆಯುವವರಿಗೆ ಅದು ಭಾರವೇ ಆಗಿತ್ತು.

ಆಂಡರ್ಸನ್ ಬಳಸಿದ ವಿಂಚೆಸ್ಟರ್ 1895 ಅಮೆರಿಕದ ವಿನ್ಯಾಸಕಾರ ಜಾನ್ ಬ್ರೌನಿಂಗ್ ರೂಪಿಸಿದ ಲಿವರ್ ಮಾದರಿಯ ರೈಫಲ್. ಅದಕ್ಕೂ ಹಿಂದಿನ ವಿಂಚೆಸ್ಟರ್ ಲಿವರ್ ರೈಫಲ್‌ಗಳಲ್ಲಿ ತೋಟೆಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದರಂತೆ ಇರುತ್ತಿದ್ದವು. 1895ರ ಮಾದರಿಯಲ್ಲಿ ಪೆಟ್ಟಿಗೆಯಾಕಾರದ ಮ್ಯಾಗಜಿನ್ ಬಂದುದರಿಂದ ಹೆಚ್ಚು ಶಕ್ತಿಯ ತೋಟೆಗಳನ್ನು ಬಳಸಲು ಅನುಕೂಲವಾಯಿತು. 1904ರಲ್ಲಿ ಇದಕ್ಕೆಂದೇ .405 ತೋಟೆಯನ್ನು ಹೊರತರಲಾಯಿತು. ಅದರ ಗುಂಡಿನ ವ್ಯಾಸ ಸುಮಾರು 10.4 ಮಿ.ಮೀ., ತೂಕ 300 ಗ್ರೇನ್, ಅಂದರೆ 19 ಗ್ರಾಮಿಗಿಂತ ತುಸು ಹೆಚ್ಚು. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೊಡರ್ ರೂಸ್‌ವೆಲ್ಟ್ 1909ರ ಆಫ್ರಿಕಾ ಪ್ರವಾಸದಲ್ಲಿ ಇದೇ ರೈಫಲನ್ನು ಬಳಸಿದ ಬಳಿಕ ಅದು ಜಗತ್ತಿನಾದ್ಯಂತ ಪ್ರಸಿದ್ಧವಾಯಿತು.

ಈ ರೈಫಲಿನ ತೂಕ ನಾಲ್ಕು ಕಿಲೋಗಿಂತ ಕಡಿಮೆ. ಹಿಡಿಯ ಕೆಳಗಿನ ಸನ್ನೆಯನ್ನು ಮುಂದಕ್ಕೂ ಹಿಂದಕ್ಕೂ ಆಡಿಸಿದರೆ ಖಾಲಿ ತೋಟೆ ಹೊರಬಿದ್ದು ಹೊಸ ತೋಟೆ ಒಳಸೇರುತ್ತದೆ. ಭುಜದಿಂದ ರೈಫಲನ್ನು ಇಳಿಸದೆಯೇ ಇದನ್ನು ಮಾಡಬಹುದು. ರಾತ್ರಿ ಕಾವಲಿಗೆ ಕುಳಿತಾಗ ನಳಿಗೆಗೆ ಬ್ಯಾಟರಿ ಟಾರ್ಚನ್ನು ಬಿಗಿದುಕೊಳ್ಳುವುದು ಆಂಡರ್ಸನ್ನರ ರೂಢಿಯಾಗಿತ್ತು. ಈ ರೈಫಲಿಗೆ ಕೊರತೆಗಳೂ ಇದ್ದವು. ಲಿವರ್ ಆಡಿಸಿದಾಗ ಸದ್ದಾಗುತ್ತದೆ, ಒದೆತ ಜೋರು, ಮತ್ತು ಗುಂಡಿನ ಅಗಲಕ್ಕೆ ಹೋಲಿಸಿದರೆ ಅದರ ತೂಕ ಕಡಿಮೆಯಾದ್ದರಿಂದ ಆನೆಯಂಥ ದಪ್ಪ ಚರ್ಮದ ಪ್ರಾಣಿಯ ದೇಹದಲ್ಲಿ ಅದು ಆಳಕ್ಕೆ ಇಳಿಯುವುದಿಲ್ಲ.

ಸಣ್ಣ ಕ್ಯಾಲಿಬರಿನ ಪ್ರಶ್ನೆ

ಹೊತ್ತೊಯ್ಯುವ ದೃಷ್ಟಿಯೊಂದನ್ನೇ ಗಮನಿಸಿದರೆ ಇನ್ನೂ ಸಣ್ಣ ಕ್ಯಾಲಿಬರ್ ಹೆಚ್ಚು ಅನುಕೂಲಕರ. .22 ರಿಮ್‌ಫೈರ್ ತೋಟೆಯ ಗುಂಡು ಸುಮಾರು ಎರಡೂವರೆ ಗ್ರಾಮ್ ಮಾತ್ರ ತೂಗುತ್ತದೆ. ಐವತ್ತು ತೋಟೆಗಳ ಪೆಟ್ಟಿಗೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ನಡೆಯಬಹುದು. ವಿಮಾನ ಅಪಘಾತಕ್ಕೀಡಾಗಿ ನಿರ್ಜನ ಪ್ರದೇಶದಲ್ಲಿ ಸಿಲುಕಿದವರ ಬಳಕೆಗೆಂದು ಕೆಲವು ದೇಶಗಳ ವಾಯುಪಡೆಗಳು ಮಡಚುವ ಅಥವಾ ಬಿಡಿಸಿಡುವ ಸಣ್ಣ ರೈಫಲ್‌ಗಳನ್ನು ಆರಿಸಿಕೊಂಡದ್ದು ಇದೇ ಕಾರಣದಿಂದ. ಹಕ್ಕಿ, ಮೊಲಗಳನ್ನು ಹೊಡೆದು ಹೊಟ್ಟೆ ತುಂಬಿಸಿಕೊಳ್ಳಲು ಅವು ಸಾಕಾಗುತ್ತವೆ. ಹುಲಿ, ಕರಡಿ ಮತ್ತು ಆನೆಗಳಿರುವ ಕಾಡಿನಲ್ಲಿ ಆತ್ಮರಕ್ಷಣೆಗೆ ಅವು ಸಾಲವು.

ಹಿಮಾಲಯದ ತಪ್ಪಲಿನ ಜಿಮ್ ಕಾರ್ಬೆಟ್ (1875–1955) ಈ ವಿಷಯದಲ್ಲಿ ಆಂಡರ್ಸನ್ನರಿಗಿಂತ ಹಗುರ ಆಯುಧದ ಕಡೆಗೆ ವಾಲಿದ್ದರು. 1907ರಲ್ಲಿ ಚಂಪಾವತದ ಹೆಣ್ಣುಹುಲಿಯನ್ನು ಕೊಂದುದಕ್ಕಾಗಿ ಉಡುಗೊರೆಯಾಗಿ ಬಂದ .275 ರಿಗ್ಬಿ ರೈಫಲನ್ನು ಅವರು ದೀರ್ಘಕಾಲ ಬಳಸಿದರು. ಅದು 7 ಮಿ.ಮೀ. ಗುಂಡಿನ ಬೋಲ್ಟ್ ರೈಫಲ್. ಅಷ್ಟು ಸಣ್ಣ ಗುಂಡು ಮರ್ಮಸ್ಥಾನಕ್ಕೇ ತಗಲಬೇಕು. ಗುರಿಯಲ್ಲಿ ಕಾರ್ಬೆಟ್‌ಗೆ ಇದ್ದ ಹಿಡಿತ ಎಲ್ಲರಿಗೂ ಇರುವಂಥದ್ದಲ್ಲ.

ಕ್ಯಾಲಿಬರಿನ ಆಯ್ಕೆ ಬೇಟೆಗಾರನ ಜೀವಕ್ಕೆ ಮಾತ್ರ ಸಂಬಂಧಿಸಿದ ವಿಷಯವಾಗಿರಲಿಲ್ಲ. ಹುಲಿ, ಚಿರತೆಗಳು ನರಭಕ್ಷಕಗಳಾಗಲು ಗುಂಡಿನ ಗಾಯ ಒಂದು ಮುಖ್ಯ ಕಾರಣವೆಂದು ಕಾರ್ಬೆಟ್ ಮತ್ತು ಆಂಡರ್ಸನ್ ಇಬ್ಬರೂ ಗುರುತಿಸಿದ್ದರು. ಚಂಪಾವತದ ಹುಲಿಯ ಕೋರೆಹಲ್ಲುಗಳು ಹಳೆಯ ಗುಂಡೇಟಿನಿಂದ ಮುರಿದಿದ್ದವು. ಬೆಳೆ ಕಾಯುವವರು ಮತ್ತು ಕಳ್ಳಬೇಟೆಯವರು ನಾಡಕೋವಿಯಿಂದ ಹಾರಿಸಿದ ಚರೆ ಪ್ರಾಣಿಯನ್ನು ಕೊಲ್ಲದೆ ಕುಂಟು ಮಾಡಿಬಿಡುತ್ತಿತ್ತು. ಸಹಜ ಬೇಟೆಗೆ ಅಶಕ್ತವಾದ ಅದು ಕೆಲವೊಮ್ಮೆ ದನಗಳ ಮೇಲೆ, ಕೊನೆಗೆ ಮನುಷ್ಯರ ಮೇಲೆ ಎರಗುತ್ತಿತ್ತು. ಸಾಲದ ಶಕ್ತಿಯ ಗುಂಡಿಗೆ ಬೆಲೆ ತೆರುತ್ತಿದ್ದವರು ಗುಂಡು ಹಾರಿಸಿದವರಲ್ಲ, ಸೌದೆಗೋ ದನ ಮೇಯಿಸಲೋ ಕಾಡಂಚಿಗೆ ಹೋಗುತ್ತಿದ್ದ ಹಳ್ಳಿಗರು. ಗಾಯಗೊಂಡ ಪ್ರಾಣಿಯನ್ನು ಹುಡುಕಿ ಕೊಲ್ಲುವುದು ಬೇಟೆಗಾರನ ಕರ್ತವ್ಯವೆಂಬ ನಿಯಮವನ್ನು ಆಂಡರ್ಸನ್ ಎತ್ತಿಹಿಡಿದರು.

ನರಭಕ್ಷಕಗಳ ಬೇಟೆ

ಸರ್ಕಾರಿ ದಾಖಲೆಗಳ ಪ್ರಕಾರ 1939ರಿಂದ 1966ರ ನಡುವೆ ಆಂಡರ್ಸನ್ 8 ನರಭಕ್ಷಕ ಚಿರತೆಗಳನ್ನೂ 7 ನರಭಕ್ಷಕ ಹುಲಿಗಳನ್ನೂ ಕೊಂದರು. ಗುಮ್ಮಳಾಪುರದ ಚಿರತೆ, ಜವಳಗಿರಿಯ ಹೆಣ್ಣುಹುಲಿ, ಸೇಗೂರಿನ ಹುಲಿ ಮತ್ತು ಅರಸೀಕೆರೆಯ ಬಳಿ ಜನರನ್ನು ಕೊಲ್ಲುತ್ತಿದ್ದ ಕರಡಿಯ ಕಥೆಗಳು ಪ್ರಸಿದ್ಧವಾಗಿವೆ.

ಇವುಗಳಲ್ಲಿ ಆಯುಧಕ್ಕಿಂತ ಕಾಡಿನ ಅರಿವೇ ಮುಂದಾಗಿ ಕಾಣುತ್ತದೆ. ಜವಳಗಿರಿಯ ಹುಲಿಯನ್ನು ಅವರು ಗಂಡುಹುಲಿಯ ಕೂಗನ್ನು ಅನುಕರಿಸಿ ಹತ್ತಿರಕ್ಕೆ ಕರೆಸಿಕೊಂಡರು. ಗುಮ್ಮಳಾಪುರದ ಚಿರತೆ 42 ಜನರನ್ನು ಬಲಿ ತೆಗೆದುಕೊಂಡಿತ್ತು. ಸಂಜೆಯಾಗುತ್ತಲೇ ಊರಿಗೆ ಊರೇ ಬಾಗಿಲು ಭದ್ರಪಡಿಸಿಕೊಳ್ಳುತ್ತಿತ್ತು. ಆ ಊರಿನ ಕಾವಲಿನಲ್ಲಿ ಜೊತೆಗಿದ್ದ ಬೀದಿನಾಯಿಯೊಂದು ಚಿರತೆಯ ಬರವನ್ನು ಮೊದಲೇ ಗ್ರಹಿಸಿ ಎಚ್ಚರಿಸಿತು. ಆಂಡರ್ಸನ್ ಆ ನಾಯಿಗೆ ನಿಪ್ಪರ್ ಎಂದು ಹೆಸರಿಟ್ಟು ಸಾಕಿಕೊಂಡರು.

ಬೇಟೆಯಿಂದ ಸಂರಕ್ಷಣೆಗೆ

ವಯಸ್ಸಾದಂತೆ ಆಂಡರ್ಸನ್ನರಲ್ಲಿ ಬೇಟೆಯ ಉತ್ಸಾಹ ಕಡಿಮೆಯಾಗಿ ಕಾಡಿನ ಕುರಿತ ಕಾಳಜಿ ಹೆಚ್ಚಿತು. ಕಾಡು ಕಡಿದು ಹೊಲ ಮಾಡುವುದು, ಜೀಪಿನಲ್ಲಿ ಕುಳಿತು ರಾತ್ರಿ ಬೆಳಕು ಬಿಟ್ಟು ಪ್ರಾಣಿಗಳನ್ನು ಹೊಡೆಯುವುದು ಮತ್ತು ವಿಷವಿಕ್ಕುವುದನ್ನು ಅವರು ಕಟುವಾಗಿ ಖಂಡಿಸಿದರು. ಅನೇಕ ಬಾರಿ ನಿರಾಯುಧರಾಗಿಯೇ ಕಾಡಿಗೆ ಹೋಗಿ ಏಕಾಂತದಲ್ಲಿ ಕುಳಿತಿರುತ್ತಿದ್ದರು. ದಕ್ಷಿಣ ಭಾರತದ ವನ್ಯಜೀವಿ ಸಂರಕ್ಷಣೆಯ ಪರವಾಗಿ ಆರಂಭದಲ್ಲೇ ದನಿಯೆತ್ತಿದವರಲ್ಲಿ ಅವರೂ ಒಬ್ಬರು.

ಅವರ ಕೊನೆಯ ವರ್ಷಗಳಲ್ಲಿ ಕಾನೂನೂ ಬದಲಾಯಿತು. ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರಲ್ಲಿ ಬಂದಿತು. 1973ರಲ್ಲಿ ಆರಂಭವಾದ ಹುಲಿ ಯೋಜನೆಯ ಮೊದಲ ಒಂಬತ್ತು ಮೀಸಲು ಪ್ರದೇಶಗಳಲ್ಲಿ ಬಂಡೀಪುರವೂ ಸೇರಿತ್ತು. ಇದರೊಂದಿಗೆ ಕಾಡಿಗೆ ಯಾವ ರೈಫಲ್ ಒಯ್ಯಬೇಕೆಂಬ ಪ್ರಶ್ನೆಯೇ ಭಾರತದಲ್ಲಿ ಬಹುಮಟ್ಟಿಗೆ ಅಪ್ರಸ್ತುತವಾಯಿತು.

ಕೃತಿಗಳು ಮತ್ತು ಕನ್ನಡದಲ್ಲಿ ಆಂಡರ್ಸನ್

ಆಂಡರ್ಸನ್ನರ ಮೊದಲ ಪುಸ್ತಕ 1954ರಲ್ಲಿ ಪ್ರಕಟವಾಯಿತು. ಒಂಬತ್ತು ನರಭಕ್ಷಕಗಳು ಮತ್ತು ಒಂದು ಪುಂಡಾನೆ ಎಂಬ ಅರ್ಥದ ಶೀರ್ಷಿಕೆಯ ಆ ಸಂಕಲನದಲ್ಲಿ ಹೊಸದುರ್ಗ, ಹೊಳಲ್ಕೆರೆ, ಎಮ್ಮೆದೊಡ್ಡಿ, ಜಾಲಹಳ್ಳಿ, ದೇವರಾಯನದುರ್ಗ ಮತ್ತು ತ್ಯಾಗರ್ತಿ ಪರಿಸರದ ಕಥನಗಳಿವೆ. 1957ರಿಂದ 1970ರವರೆಗೆ ಇನ್ನೂ ಹಲವು ಸಂಕಲನಗಳು ಬಂದವು.

ಪೂರ್ಣಚಂದ್ರ ತೇಜಸ್ವಿಯವರು ಈ ಕಥನಗಳನ್ನು ಕಾಡಿನ ಕಥೆಗಳು ಎಂಬ ಮಾಲಿಕೆಯಲ್ಲಿ ಕನ್ನಡಕ್ಕೆ ತಂದರು. ಬೆಳ್ಳಂದೂರಿನ ನರಭಕ್ಷಕ, ಪೆದ್ದಚೆರುವಿನ ರಾಕ್ಷಸ, ಜಾಲಹಳ್ಳಿಯ ಕುರ್ಕ ಮತ್ತು ಮುನಿಶಾಮಿ ಮತ್ತು ಮಾಗಡಿ ಚಿರತೆ ಈ ಮಾಲಿಕೆಯ ನಾಲ್ಕು ಭಾಗಗಳು. ಪುತ್ತೂರು ಸೀಮೆಯ ಕೆದಂಬಾಡಿ ಜತ್ತಪ್ಪ ರೈಯವರ ಬೇಟೆಯ ನೆನಪುಗಳು ಮತ್ತು ಈಡೊಂದು ಹುಲಿಯೆರಡು ಕೃತಿಗಳೊಂದಿಗೆ ಇವು ಕನ್ನಡದ ಬೇಟೆ ಸಾಹಿತ್ಯದಲ್ಲಿ ಗಮನಾರ್ಹ ಸ್ಥಾನ ಪಡೆದಿವೆ.

ನಿಧನ

ಆಂಡರ್ಸನ್ 30 ಆಗಸ್ಟ್ 1974ರಂದು ಕ್ಯಾನ್ಸರಿನಿಂದ ನಿಧನರಾದರು. ಅವರ ಕೊನೆಯ ಪುಸ್ತಕ ಮರಣಾನಂತರ 1976ರಲ್ಲಿ ಪ್ರಕಟವಾಯಿತು.