ಶ್ರೀರಂಗರು: ಪ್ರೇಕ್ಷಕರಿಗಿಂತ ಮುಂದೆ ನಡೆದ ನಾಟಕಕಾರರು

ಗೋಳಗುಮ್ಮಟದ ನಾಡೆಂದೊಡನೆ ಆದಿಲಶಾಹಿಯ ವೈಭವವನ್ನು ನೆನೆಯುವುದು ನಮ್ಮ ಜನಕ್ಕೆ ರೂಢಿಯಾಗಿದೆ. ಕಲ್ಲಿನಲ್ಲಿ ಕಟ್ಟಿದ್ದನ್ನು ಕಾಣುವ ಕಣ್ಣು ಮಾತಿನಲ್ಲಿ ಕಟ್ಟಿದ್ದನ್ನು ಬೇಗನೆ ಮರೆಯುತ್ತದೆ. ಅವಿಭಕ್ತ ವಿಜಾಪುರ ಜಿಲ್ಲೆಯು ಕನ್ನಡ ರಂಗಭೂಮಿಗೆ ಇಬ್ಬರು ಮಹನೀಯರನ್ನು ಕೊಟ್ಟಿತು. ಕಂಪನಿ ನಾಟಕಗಳಿಂದ ಜನಮನವನ್ನು ಗೆದ್ದ ಕಂದಗಲ್ ಹನುಮಂತರಾಯರು ಒಬ್ಬರು. ಅವರ ಹೆಸರಿನ ರಂಗಮಂದಿರವು ವಿಜಯಪುರ ನಗರದಲ್ಲಿ ನಿಂತಿದೆ. ಇನ್ನೊಬ್ಬರು ಶ್ರೀರಂಗರೆಂಬ ಕಾವ್ಯನಾಮದ ಆದ್ಯ ರಂಗಾಚಾರ್ಯರು. ಮೊದಲನೆಯವರು ಜನರು ಕೇಳಿದುದನ್ನು ಉತ್ತಮವಾಗಿ ಕೊಟ್ಟರು. ಎರಡನೆಯವರು ಜನರು ಇನ್ನೂ ಕೇಳಲರಿಯದುದನ್ನು ಕೊಡಹೊರಟರು. ಈ ಎರಡನೆಯ ಬಗೆಯ ಕಲಾವಿದನನ್ನು ಸಮಾಜವು ಹೇಗೆ ಸಾಕಬೇಕೆಂಬ ಪ್ರಶ್ನೆಗೆ ಅವರ ಚರಿತ್ರೆಯು ಒಳ್ಳೆಯ ನಿದರ್ಶನವಾಗಿದೆ.

ಶ್ರೀರಂಗರು ಇಂಡಿ ತಾಲೂಕಿನ ಅಗರಖೇಡದಲ್ಲಿ 1904ನೆಯ ಸಪ್ಟಂಬರ 26ರಂದು ಜನಿಸಿದರು. ಮೊದಲು ಅವರು ಆರ್. ವ್ಹಿ. ಜಾಗೀರದಾರರೆಂದೇ ಪರಿಚಿತರಾಗಿದ್ದರು. ಪುಣೆಯಲ್ಲಿ ಉಚ್ಚ ಶಿಕ್ಷಣವನ್ನು ಪಡೆದು, 1920ರ ದಶಕದಲ್ಲಿ ಲಂಡನ್ನಿಗೆ ತೆರಳಿ ಪೌರ್ವಾತ್ಯ ವಿದ್ಯೆಗಳನ್ನು ಅಭ್ಯಸಿಸಿ ಮರಳಿದರು. ಬಳಿಕ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಅಧ್ಯಾಪಕರಾದರು. ವೇದಶಾಸ್ತ್ರಗಳ ಪರಂಪರೆಯ ಮನೆತನ, ಸಂಸ್ಕೃತದ ಪಾಂಡಿತ್ಯ, ಇಬ್ಸೆನ್ ಮತ್ತು ಶಾ ಮುಂತಾದವರಿಂದ ಹೊಸತಾಗಿದ್ದ ಪಾಶ್ಚಾತ್ಯ ರಂಗಭೂಮಿಯ ಪರಿಚಯ, ಈ ಮೂರೂ ಅವರಲ್ಲಿ ಕೂಡಿಬಂದುವು.

ಅಂದಿನ ಮುಂಬಯಿ ಕರ್ನಾಟಕದ ರಂಗಭೂಮಿಯ ಸ್ಥಿತಿಯನ್ನು ನೆನೆದರೆ ಅವರ ಸಾಹಸದ ಅಳತೆ ತಿಳಿಯುವುದು. ಮರಾಠಿ ನಾಟಕಗಳ ಪ್ರಾಬಲ್ಯದೆದುರು ಕನ್ನಡ ನಾಟಕಕ್ಕೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನೆಲೆಯೊದಗಿಸಿದವರು ಗದಗ ಸೀಮೆಯ ಶಾಂತಕವಿಗಳು. ಅವರ ತರುವಾಯ ವೃತ್ತಿಮಂಡಳಿಗಳು ಬೆಳೆದು ನಾಡಿನ ಭಾಷಾಭಿಮಾನವನ್ನು ಉಳಿಸಿದುವು. ಆದರೆ ಚಿತ್ರಿತ ಪರದೆ, ಝಗಝಗಿಸುವ ಪೋಷಾಕು, ಮೇಲಿಂದಮೇಲೆ ಹಾಡು ಇವೇ ನಾಟಕವೆಂಬ ಭಾವನೆಯೂ ಅವುಗಳೊಡನೆ ಬೇರೂರಿತು. ಶ್ರೀರಂಗರು ಹಾಡನ್ನೂ ಪೌರಾಣಿಕ ವೈಭವವನ್ನೂ ಬದಿಗಿರಿಸಿ, ಮನೆಯ ಪಡಸಾಲೆಯಲ್ಲಿ ಆಡುವ ಗದ್ಯದ ಮಾತನ್ನು ರಂಗಕ್ಕೆ ತಂದರು. ಮೈಸೂರು ಸೀಮೆಯಲ್ಲಿ ಕೈಲಾಸಂರವರು ಮಾಡಿದ ಕಾರ್ಯವನ್ನು ಉತ್ತರದಲ್ಲಿ ಇವರು ಕೈಕೊಂಡರು. ಹವ್ಯಾಸಿ ನಟರೇ ಇವರ ಬಲವಾದರು.

ಇಂಥ ಕಾರ್ಯವು ಎಲ್ಲ ದೇಶಗಳಲ್ಲಿಯೂ ಟಿಕೀಟಿನ ಹಣದಿಂದ ನಡೆದುದಲ್ಲ. ಪ್ಯಾರಿಸ್ ನಗರದಲ್ಲಿ 1887ರಲ್ಲಿ ಸ್ವತಂತ್ರ ರಂಗಭೂಮಿಯನ್ನು ಸ್ಥಾಪಿಸಿದ ಆಂತ್ವಾನನು ಗ್ಯಾಸ್ ಕಂಪನಿಯ ಗುಮಾಸ್ತನಾಗಿದ್ದನು. ನಂತರದ ತಲೆಮಾರಿನ ಆರ್ತೋ ಎಂಬ ಕ್ರಾಂತಿಕಾರಿ ನಿರ್ದೇಶಕನು ಮೂಕಚಿತ್ರಗಳಲ್ಲಿ ನಟಿಸುತ್ತ ಜೀವಿಸಿದನು. ನೆಪೋಲಿಯನ್ನನ ಕುರಿತ 1927ರ ಚಿತ್ರದಲ್ಲಿ ಮಾರಾನ ಪಾತ್ರವು ಅವನದೇ. ಅವನ ಸ್ವಂತ ರಂಗಪ್ರಯೋಗವು 1935ರಲ್ಲಿ ಕೆಲವೇ ದಿನಗಳಲ್ಲಿ ನಿಂತುಹೋಯಿತು. ನಮ್ಮ ಶ್ರೀರಂಗರಿಗೆ ಇಂಥ ಆಸರೆಯಾದುದು ಸಂಸ್ಕೃತದ ಅಧ್ಯಾಪನವು. ಅನ್ನಕ್ಕೆ ಬೇರೆ ದಾರಿಯಿದ್ದುದರಿಂದಲೇ ಅವರ ಲೇಖನಿಯು ಪ್ರೇಕ್ಷಕರ ಮರ್ಜಿಗೆ ಅಧೀನವಾಗಲಿಲ್ಲ.

ಆ ಸ್ವಾತಂತ್ರ್ಯವನ್ನು ಅವರು ವ್ಯರ್ಥಗೊಳಿಸಲಿಲ್ಲ. ಮಹಾತ್ಮಾಜಿಯವರ ಅಸ್ಪೃಶ್ಯತಾ ನಿವಾರಣೆಯ ಚಳವಳಿಯು ತೀವ್ರವಾಗಿದ್ದ 1930ರ ದಶಕದಲ್ಲಿ ಬಂದ ‘ಹರಿಜನ್ವಾರ’ವು, ಮಡಿವಂತಿಕೆಯ ಢೋಂಗನ್ನು ಬಯಲಿಗೆಳೆಯಿತು. ತಾವು ಹುಟ್ಟಿದ ಸಮಾಜವನ್ನೇ ಅವರು ಹೀಗೆ ಕಟುವಾಗಿ ಪರೀಕ್ಷಿಸಿದುದು ಹಲವರಿಗೆ ಸಹನವಾಗಲಿಲ್ಲ. ಸ್ವಾತಂತ್ರ್ಯವು ಬಂದ ಕೆಲವೇ ವರ್ಷಗಳಲ್ಲಿ ರಚಿಸಿದ ‘ಶೋಕಚಕ್ರ’ದ ಹೆಸರೇ ಅಶೋಕಚಕ್ರವನ್ನು ನೆನಪಿಗೆ ತಂದು ಚುಚ್ಚುವಂತಿತ್ತು. ಅಧಿಕಾರವು ಕೈಗೆ ಬಂದೊಡನೆ ತ್ಯಾಗವು ಎಲ್ಲಿ ಹೋಯಿತೆಂಬ ಪ್ರಶ್ನೆಯನ್ನು ಅವರು ಸ್ವಕೀಯರಿಗೇ ಹಾಕಿದರು. ದೇಶಾಭಿಮಾನವೆಂದರೆ ಸ್ತುತಿಯಷ್ಟೇ ಅಲ್ಲ, ಆತ್ಮಪರೀಕ್ಷೆಯೂ ಹೌದೆಂಬುದನ್ನು ಈ ಕೃತಿಯು ತೋರಿಸಿತು.

ಐವತ್ತರ ಪ್ರಾಯವನ್ನು ದಾಟಿದ ಮೇಲೆ ಅನೇಕ ಲೇಖಕರು ತಮ್ಮನ್ನೇ ಅನುಕರಿಸತೊಡಗುತ್ತಾರೆ. ಶ್ರೀರಂಗರು ಹಾಗಾಗದೆ, ತಾವೇ ರೂಢಿಸಿದ ಪಡಸಾಲೆಯ ನಾಟಕವನ್ನು ತಾವೇ ಮುರಿದರು. 1959ರ ‘ಕತ್ತಲೆ ಬೆಳಕು’ ನಾಟಕದಲ್ಲಿ ನಾಟಕವೇ ನಾಟಕದ ವಸ್ತುವಾಯಿತು. 1960ರ ‘ಕೇಳು ಜನಮೇಜಯ’ದಲ್ಲಿ ಮಹಾಭಾರತದ ಶ್ರೋತೃವಿನ ಹೆಸರನ್ನು ಮುಂದಿಟ್ಟುಕೊಂಡು ಇಂದಿನ ಜನಜೀವನವನ್ನು ರೂಪಕವಾಗಿ ಕಾಣಿಸಿದರು. ಇದು ಹಿಂದಿಗೆ ‘ಸುನೋ ಜನಮೇಜಯ’ವೆಂದು ಅನುವಾದಗೊಂಡು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಮೂಲಕ ರಂಗವನ್ನೇರಿತು. ಭೀಮಾತೀರದ ಹಳ್ಳಿಯೊಂದರ ಮನುಷ್ಯನು ಕನ್ನಡದಲ್ಲಿ ಯೋಚಿಸಿದುದು ಅಖಿಲ ಭಾರತದ ಆಧುನಿಕ ರಂಗಭೂಮಿಯ ಸೊತ್ತಾಯಿತು.

ಇನ್ನೊಂದು ಸಂಗತಿಯು ಗಮನಾರ್ಹವಾಗಿದೆ. ಆರ್ತೋನು 1931ರಲ್ಲಿ ಪ್ಯಾರಿಸ್ಸಿಗೆ ಬಂದ ಬಾಲಿದ್ವೀಪದ ನರ್ತಕರನ್ನು ಕಂಡು ಪೂರ್ವದೇಶಗಳ ಕಲೆಯಿಂದ ಸ್ಫೂರ್ತಿಗೊಂಡನು. ಪಶ್ಚಿಮದಲ್ಲಿ ಕಲಿತುಬಂದ ಶ್ರೀರಂಗರಾದರೋ ಭರತಮುನಿಯ ನಾಟ್ಯಶಾಸ್ತ್ರಕ್ಕೆ ತಮ್ಮ ಉತ್ತರವಯಸ್ಸನ್ನು ಮೀಸಲಿಟ್ಟರು. ಅವರ ಇಂಗ್ಲಿಷ್ ಅನುವಾದವು ಅವರು ತೀರಿಕೊಂಡ ಬಳಿಕ 1986ರಲ್ಲಿ ಪ್ರಕಟವಾಯಿತು. ಹಳೆಯದನ್ನು ಬಲ್ಲವನೇ ಹೊಸದನ್ನು ಧೈರ್ಯದಿಂದ ಮಾಡಬಲ್ಲನೆಂಬುದಕ್ಕೆ ಇದಕ್ಕಿಂತ ಸಾಕ್ಷಿಯು ಬೇಕಿಲ್ಲ.

ಅವರಿಗೆ ಮನ್ನಣೆಯು ಬಾರದೇ ಇರಲಿಲ್ಲ. ರಾಯಚೂರಿನ ಸಾಹಿತ್ಯ ಸಮ್ಮೇಲನದ ಅಧ್ಯಕ್ಷತೆ, 1967ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್ಪು, ಕಾಳಿದಾಸನ ಕುರಿತ ಗ್ರಂಥಕ್ಕೆ 1971ರಲ್ಲಿ ಸಾಹಿತ್ಯ ಅಕಾಡೆಮಿಯ ಪುರಸ್ಕಾರ, 1972ರಲ್ಲಿ ಪದ್ಮಭೂಷಣ ದೊರೆತುವು. 1984ನೆಯ ಅಕ್ಟೋಬರ 17ರಂದು ಅವರು ಕಾಲವಶರಾದರು. ಅವರ ಪಾತ್ರಗಳು ಕ್ರಿಯೆಗಿಂತ ಮಾತನ್ನೇ ಹೆಚ್ಚು ನೆಚ್ಚುತ್ತವೆಂಬ ಆಕ್ಷೇಪವುಂಟು. ಅದನ್ನು ಪೂರ್ಣವಾಗಿ ಅಲ್ಲಗಳೆಯಲಾಗದು. ಆದರೆ ಆ ಮಾತುಗಳ ಹಿಂದಿದ್ದ ವಿಚಾರವು ನಮ್ಮ ರಂಗಭೂಮಿಗೆ ಹೊಸದಾಗಿತ್ತು.

ಬಿರುದುಗಳು ಬಂದುದು ಬಾಳಿನ ಸಂಜೆಯಲ್ಲಿ; ನೆರವು ಬೇಕಾಗುವುದಾದರೋ ಬೆಳಿಗ್ಗೆ. ಇಂದು ವಿಜಯಪುರ, ತಿಕೋಟಾ, ಬಬಲೇಶ್ವರಗಳ ಯಾವುದೋ ಶಾಲೆಯಲ್ಲಿ ಇಂಥ ಮನೋಧರ್ಮದ ತರುಣನೋ ತರುಣಿಯೋ ಇರಬಹುದು. ಅವರಿಗೆ ತಾಲೀಮಿಗೊಂದು ಕೋಣೆ, ಅಗ್ಗದ ಬಾಡಿಗೆಗೆ ರಂಗಮಂದಿರ, ಅರ್ಥವಾಗದಿದ್ದರೂ ಎದ್ದುಹೋಗದೆ ಕುಳಿತು ನೋಡುವ ನೂರು ಜನ ವಿದ್ಯಾವಂತರು ದೊರೆತರೆ ಸಾಕು. ಇದು ಸರಕಾರದ ಅಧಿಕಾರಿಗಳಿಗೂ ನಗರದ ನಾಗರಿಕರಿಗೂ ಅಸಾಧ್ಯವಾದ ಕಾರ್ಯವಲ್ಲ. ಶ್ರೀರಂಗರ ಹೆಸರಿನಲ್ಲಿ ವರ್ಷಕ್ಕೊಂದು ಹಾರವನ್ನು ಹಾಕುವುದಕ್ಕಿಂತ, ವರ್ಷಕ್ಕೊಂದು ಹೊಸ ನಾಟಕವನ್ನು ಆಡಿಸುವುದೇ ಅವರ ಋಣವನ್ನು ತೀರಿಸುವ ಸರಿಯಾದ ಮಾರ್ಗವು.